ಬೆಳೆದವರನ್ನು ತರುವುದೋ, ಬಂದವರನ್ನು ಬೆಳೆಸುವುದೋ

ಅಮೆರಿಕದ ಕಾಲೇಜು ಫುಟ್‌ಬಾಲಿನ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಆಟ ನೋಡಿ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದಕ್ಕೆ ಫುಟ್‌ಬಾಲ್ ಅಂತ ಯಾಕೆ ಕರೆಯುತ್ತಾರೆ ಎನ್ನುವುದೇ ನನಗಿನ್ನೂ ಬಗೆಹರಿದಿಲ್ಲ. ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಕಡೆಯವರೊಬ್ಬರು ಮಿಷಿಗನ್‌ನವರು. ಕಾಲ್‌ಗೆ ಎಲ್ಲರೂ ಸೇರುವವರೆಗಿನ ಐದು ನಿಮಿಷ ಅವರಿಗೆ ಬೇರೆ ಮಾತಿಲ್ಲ. ಅವರ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು, ಅಷ್ಟೂ ತುಂಬುತ್ತದೆ. ಕಾಲೇಜು ಹುಡುಗರ ಆಟಕ್ಕೆ!

ಅವರ ದೂರು ಇಷ್ಟು. ಹಿಂದೆಲ್ಲ ಕೋಚ್ ಆದವನು ಹೈಸ್ಕೂಲ್ ಮುಗಿಸಿದ ಹುಡುಗನನ್ನು ಕರೆತಂದು, ಒಂದೆರಡು ವರ್ಷ ಬೆಂಚಿನ ಮೇಲೆ ಕೂರಿಸಿ, ತಿದ್ದಿ ತೀಡಿ, ಮೂರನೇ ವರ್ಷ ಮೈದಾನಕ್ಕೆ ಇಳಿಸುತ್ತಿದ್ದ. 2018ರಲ್ಲಿ ‘ಟ್ರಾನ್ಸ್‌ಫರ್ ಪೋರ್ಟಲ್’ ಬಂತು. ಕಾಲೇಜು ಬದಲಿಸಿದವನು ಒಂದು ವರ್ಷ ಆಡದೆ ಕೂರಬೇಕೆಂಬ ನಿಯಮ 2021ರಲ್ಲಿ ಸಡಿಲಾಯಿತು. ಅದೇ ವರ್ಷ ಆಟಗಾರರು ತಮ್ಮ ಹೆಸರು, ಫೋಟೋಗಳಿಂದ ದುಡ್ಡು ಮಾಡಿಕೊಳ್ಳಲು ಅನುಮತಿಯೂ ಸಿಕ್ಕಿತು. ಈಗ ಇನ್ನೊಂದು ಕಾಲೇಜಿನಲ್ಲಿ ಯಾರೋ ತಿದ್ದಿ ಸಿದ್ಧ ಮಾಡಿದ ಹುಡುಗನನ್ನು ಸೀಸನ್ ಮುಗಿದ ಕೂಡಲೇ ಎತ್ತಿಕೊಂಡು ಬರುವುದೇ ಜಾಣ ಕೋಚ್‌ನ ಕೆಲಸ. ಬೆಳೆಸುವವನು ಬೆಳೆಸುತ್ತಲೇ ಇರುತ್ತಾನೆ, ಕೊಯ್ಲು ಮಾತ್ರ ಬೇರೆಯವರದು.

ಕೇಳುತ್ತ ಕೇಳುತ್ತ ನನಗನ್ನಿಸಿದ್ದು, ಇವರು ನಮ್ಮ ಕಸುಬಿನ ಕತೆಯನ್ನೇ ಹೇಳುತ್ತಿದ್ದಾರಲ್ಲ ಎಂದು. ನೋಯ್ಡಾ, ಗುರುಗ್ರಾಮದ ಯಾವ ಆಫೀಸಿನಲ್ಲಾದರೂ ಈ ಚರ್ಚೆ ವರ್ಷಕ್ಕೆರಡು ಬಾರಿ ನಡೆಯುತ್ತದೆ. ಒಳಗಿನವರನ್ನೇ ತಯಾರು ಮಾಡುವುದೋ, ಹೊರಗಿನಿಂದ ಲ್ಯಾಟರಲ್ ತರುವುದೋ? ನಾವು ಅದನ್ನು ಎಕ್ಸೆಲ್ ಶೀಟಿನಲ್ಲಿ ಬಗೆಹರಿಸುತ್ತೇವೆ. ಎಷ್ಟು ತಿಂಗಳು, ಎಷ್ಟು ಲಕ್ಷ, ಎಷ್ಟು ರಿಸ್ಕ್. ತಂಡಕ್ಕೆ ಯಾವುದು ಲಾಭ ಎನ್ನುವುದು ಲೆಕ್ಕದ ಪ್ರಶ್ನೆ, ಅದಕ್ಕೆ ಆ ಶೀಟು ಸಾಕು. ಯಾವುದು ಸರಿ ಎನ್ನುವ ಇನ್ನೊಂದು ಪ್ರಶ್ನೆಯಿದೆ. ಅದಕ್ಕೆ ಶೀಟಿನಲ್ಲಿ ಕಾಲಂ ಇಲ್ಲ.

ಮೊದಲು ಆಟದ ಮೈದಾನದಲ್ಲೇ ನೋಡೋಣ. ಅಲ್ಲಿ ವಿಷಯ ಹೆಚ್ಚು ಬೆತ್ತಲೆಯಾಗಿ ಕಾಣುತ್ತದೆ.

ನಮ್ಮಲ್ಲಿ ಅಮೆರಿಕದಂಥ ಕಾಲೇಜು ಫುಟ್‌ಬಾಲ್ ಇಲ್ಲ. ಹತ್ತಿರದ್ದು ಎಂದರೆ ದೆಹಲಿ ವಿಶ್ವವಿದ್ಯಾಲಯದ ಕ್ರೀಡಾ ಕೋಟಾ. ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ, ಕ್ರೀಡೆ ಮತ್ತು ಪಠ್ಯೇತರ ಚಟುವಟಿಕೆ ಎರಡೂ ಸೇರಿ ಶೇ. 5 ಮೀರದಂತೆ ಕೊಡುವ ಸೀಟುಗಳು ಇವು. 2022ರಲ್ಲಿ ಸಿಯುಇಟಿ ಬಂದ ಮೇಲೆ ಪ್ರವೇಶ ಪರೀಕ್ಷೆಯ ಅಂಕಕ್ಕೆ ಕಾಲು ಪಾಲು ಬೆಲೆ, ಆಟದ ಪ್ರಮಾಣಪತ್ರ ಮತ್ತು ಟ್ರಯಲ್ಸ್‌ಗೆ ಮುಕ್ಕಾಲು ಪಾಲು ಎಂದಾಯಿತು. ಸೆಕೆಯಲ್ಲಿ, ಮಳೆ ಬಂದರೆ ಕೆಸರಿನಲ್ಲಿ, ಮಣಿಪುರ, ಮಿಜೋರಾಂ, ಕೇರಳ, ಹರಿಯಾಣದ ಹುಡುಗರು ಬೆನ್ನಿಗೆ ನಂಬರಿನ ಚೀಟಿ ಅಂಟಿಸಿಕೊಂಡು ಓಡುತ್ತಾರೆ. ಪ್ರಮಾಣಪತ್ರಕ್ಕೆ ಬೆಲೆ ಎಂದರೆ ಏನರ್ಥ? ಈ ಹುಡುಗ ಬರುವ ಮುಂಚೆಯೇ ರಾಜ್ಯಮಟ್ಟದಲ್ಲೋ ರಾಷ್ಟ್ರಮಟ್ಟದಲ್ಲೋ ಆಡಿ ಬಂದಿರಬೇಕು ಎಂದು. ಅಂದರೆ ಇನ್ಯಾರೋ ಇವನನ್ನು ಆಟಗಾರನನ್ನಾಗಿ ಮಾಡಿ ಮುಗಿಸಿರಬೇಕು. ಕಾಲೇಜು ಮಾಡುವುದು ಆಯ್ಕೆ.

ಕೋಟಾವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಳ್ಳಿಯ ಹುಡುಗನೊಬ್ಬ ಕಾಲ್ಚೆಂಡಿನ ಬೆನ್ನು ಹಿಡಿದು ನಾರ್ತ್ ಕ್ಯಾಂಪಸ್ಸಿನ ಕಾಲೇಜಿಗೆ ಬಂದು ಡಿಗ್ರಿ ಪಡೆಯುವುದು ಸಣ್ಣ ಸಂಗತಿಯೇನಲ್ಲ. ಈ ವ್ಯವಸ್ಥೆಯಲ್ಲಿ ಬೆಳೆಸಿದವನ ಹೆಸರು ಎಲ್ಲಿ ಬರುತ್ತದೆ ಎಂದಷ್ಟೇ ನನ್ನ ಕುತೂಹಲ.

ಅಂತರ ವಿಶ್ವವಿದ್ಯಾಲಯ ಕ್ರೀಡೆಯಲ್ಲಿ ಒಟ್ಟಾರೆ ಮೇಲುಗೈ ಸಾಧಿಸಿದ ವಿಶ್ವವಿದ್ಯಾಲಯಕ್ಕೆ ಕೇಂದ್ರ ಸರ್ಕಾರ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಕೊಡುತ್ತದೆ. ದಶಕಗಳ ಕಾಲ ಅದು ಹೆಚ್ಚಾಗಿ ಪಂಜಾಬಿನ ಸರ್ಕಾರಿ ವಿಶ್ವವಿದ್ಯಾಲಯಗಳ ನಡುವೆ ಕೈ ಬದಲಿಸುತ್ತಿತ್ತು. 2024ರಲ್ಲಿ ಮೊದಲ ಬಾರಿಗೆ ಒಂದು ಖಾಸಗಿ ವಿಶ್ವವಿದ್ಯಾಲಯ, ಚಂಡೀಗಢ ವಿಶ್ವವಿದ್ಯಾಲಯ, ಅದನ್ನು ಗೆದ್ದಿತು. ನಮ್ಮ ಬೆಂಗಳೂರಿನಲ್ಲಿ 2022ರ ಏಪ್ರಿಲ್–ಮೇನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ 20 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂದದ್ದು ಜೈನ್ ವಿಶ್ವವಿದ್ಯಾಲಯ. ಕ್ರಿಕೆಟಿಗರ ಕಾಲೇಜು ಎಂದೇ ಬೆಂಗಳೂರಿಗೆ ಅದು ಪರಿಚಿತ. ಕೆ. ಎಲ್. ರಾಹುಲ್, ಮನೀಷ್ ಪಾಂಡೆ, ಮಯಾಂಕ್ ಅಗರ್ವಾಲ್, ಕರುಣ್ ನಾಯರ್ ಎಲ್ಲ ಅಲ್ಲಿ ಓದಿದವರೇ. ಹಾಗೆಂದು ಅವರಿಗೆ ಬ್ಯಾಟ್ ಹಿಡಿಯುವುದನ್ನು ಕಾಲೇಜು ಕಲಿಸಿತು ಎನ್ನಲಾಗದು. ಕ್ರಿಕೆಟಿಗರು ಕ್ಲಬ್ಬು, ಅಕಾಡೆಮಿಗಳಲ್ಲಿ ತಯಾರಾಗುತ್ತಾರೆ, ಈಜುಗಾರರು ಬಸವನಗುಡಿಯ ಕೊಳದಲ್ಲಿ ತಯಾರಾಗುತ್ತಾರೆ. ಬೆಳಗಿನ ನಾಲ್ಕೂವರೆಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವ ಅಪ್ಪ ಅಮ್ಮಂದಿರ ನಿದ್ದೆಯಲ್ಲಿ ತಯಾರಾಗುತ್ತಾರೆ. ಕಾಲೇಜು ಕೊಡುವುದು ಹಾಜರಾತಿಯಲ್ಲಿ ರಿಯಾಯಿತಿ, ಫೀಸಿನಲ್ಲಿ ವಿನಾಯಿತಿ, ತಪ್ಪಿದ ಪರೀಕ್ಷೆಗೆ ಇನ್ನೊಂದು ದಿನ. ನಗಬೇಡಿ, ಇದು ದೊಡ್ಡ ಕೊಡುಗೆಯೇ. ಅಟೆಂಡೆನ್ಸ್ ಶಾರ್ಟೇಜ್ ಹೆಸರಿನಲ್ಲಿ ಎಷ್ಟು ಆಟಗಾರರು ಸತ್ತಿದ್ದಾರೋ ಲೆಕ್ಕ ಇಟ್ಟವರಿಲ್ಲ. ಆದರೂ ಪದಕದ ಪಟ್ಟಿಯಲ್ಲಿ ಹೆಸರು ಬರುವುದು ರಿಯಾಯಿತಿ ಕೊಟ್ಟವರದು.

ಕರ್ನಾಟಕದ ಸರ್ಕಾರಿ ಹೈಸ್ಕೂಲುಗಳಲ್ಲಿ ಓದಿದವರಿಗೆ ಪಿ.ಟಿ. ಮೇಷ್ಟ್ರು ಗೊತ್ತು. ಕೊರಳಲ್ಲಿ ಸೀಟಿ, ಕೈಯಲ್ಲಿ ಸುಣ್ಣದ ಪುಡಿಯ ಬಕೆಟ್ಟು. ನಮ್ಮ ದಾವಣಗೆರೆ ಕಡೆಯ ಶಾಲೆಯಲ್ಲಿದ್ದ ಒಂದೇ ಒಂದು ಫುಟ್‌ಬಾಲಿಗೆ ಪಂಕ್ಚರ್ ಆದಾಗ ಸೈಕಲ್ ಶಾಪಿಗೆ ಅವರೇ ಒಯ್ಯುತ್ತಿದ್ದರು. ತಾಲ್ಲೂಕು ಮಟ್ಟಕ್ಕೆ ಹುಡುಗರನ್ನು ಕರೆದುಕೊಂಡು ಹೋಗಲು ಬಸ್ ಚಾರ್ಜು ಸಾಲದೆ ಹೋದರೆ ಜೇಬಿಗೆ ಕೈ ಹಾಕುತ್ತಿದ್ದರು. ಆ ತಂಡದಿಂದ ಯಾರೂ ದೊಡ್ಡ ಆಟಗಾರರಾಗಲಿಲ್ಲ. ಆಗಿದ್ದರೂ ಮೇಷ್ಟ್ರಿಗೆ ಏನೂ ಸಿಗುತ್ತಿರಲಿಲ್ಲ.

ನಮ್ಮ ಸೊಸೈಟಿಯ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವವರೊಬ್ಬರಿದ್ದರು, ಪೂರ್ವ ಉತ್ತರ ಪ್ರದೇಶದವರು. ಅವರ ಮಗ ಹತ್ತಿರದ ಖಾಲಿ ಜಾಗದಲ್ಲಿ ಚೆಂಡು ಒದೆಯುತ್ತಿದ್ದ. ಅಲ್ಲಿ ಒಬ್ಬ ನಿವೃತ್ತ ಸೈನಿಕರು ಸಂಜೆ ಹೊತ್ತು ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಕಲಿಸುತ್ತಾರೆ, ಕೊಟ್ಟವರಿಂದ ತಿಂಗಳಿಗೆ ಇನ್ನೂರು ರೂಪಾಯಿ, ಇಲ್ಲದವರಿಂದ ಇಲ್ಲ. ಹುಡುಗನ ಎಡಗಾಲಿನಲ್ಲಿ ಏನೋ ಇತ್ತು, ನನ್ನಂಥ ಅರಿಯದವನಿಗೂ ಕಾಣುತ್ತಿತ್ತು. ಹದಿನೈದನೇ ವಯಸ್ಸಿಗೆ ಒಂದು ಖಾಸಗಿ ಶಾಲೆ ಅವನನ್ನು ಕರೆದುಕೊಂಡಿತು. ಫೀಸು ಮಾಫಿ, ಬೂಟು, ಟ್ರ್ಯಾಕ್‌ಸೂಟು. ಶಾಲೆಗೆ ಬೇಕಾಗಿದ್ದದ್ದು ಸುಬ್ರೊತೊ ಕಪ್ಪಿಗೆ ಒಂದು ತಂಡ. 1960ರಿಂದ ವಾಯುಪಡೆಯವರು ನಡೆಸಿಕೊಂಡು ಬಂದಿರುವ, ಇಡೀ ದೇಶದ ಶಾಲೆಗಳು ಆಡುವ ಟೂರ್ನಮೆಂಟು ಅದು. ಎರಡು ಸೀಸನ್ ಆಡಿದ. ಮೂರನೆಯ ವರ್ಷ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮುಂದಿನ ಟರ್ಮಿಗೆ ಫೀಸಿನ ಚಲನ್ ಮನೆಗೆ ಬಂತು, ಪೂರ್ತಿ ಮೊತ್ತದ್ದು. ಅಪ್ಪ ಆ ಚಲನ್ ಹಿಡಿದುಕೊಂಡು, ಇಂಗ್ಲಿಷಿನಲ್ಲಿ ಏನು ಬರೆದಿದ್ದಾರೆ ಸಾಹೇಬ್ರೇ ನೋಡಿ ಎಂದು ನನ್ನ ಹತ್ತಿರ ಬಂದರು. ಓದಿ ಹೇಳುವುದರ ಹೊರತು ಮಾಡಲು ಹೆಚ್ಚೇನಿರಲಿಲ್ಲ. ಶಾಲೆ ನಿಯಮ ಮೀರಿರಲಿಲ್ಲ. ವಿನಾಯಿತಿ ‘ಪ್ರತಿ ವರ್ಷದ ಸಾಧನೆಗೆ ಒಳಪಟ್ಟು’ ಎಂದು ಮೊದಲೇ ಬರೆದುಕೊಟ್ಟಿತ್ತು.

ಆಮೇಲೆ ಅವನಿಗೆ ಫಿಸಿಯೋಥೆರಪಿಯ ವ್ಯಾಯಾಮಗಳನ್ನು ಮಾಡಿಸಿದ್ದು ಮತ್ತೆ ಆ ನಿವೃತ್ತ ಸೈನಿಕರೇ. ಈ ಒಂದು ವಿವರ ನನಗೆ ಇಡೀ ಪ್ರಶ್ನೆಯನ್ನು ಬಿಡಿಸಿ ತೋರಿಸಿತು. ಬೆಳೆಸುವವನು ಹುಡುಗನನ್ನು ಅವನ ಸೋಲಿನ ಸಮೇತ ಒಪ್ಪಿಕೊಂಡಿರುತ್ತಾನೆ. ಇಪ್ಪತ್ತೈದು ಮಕ್ಕಳಿಗೆ ಕಲಿಸಿದರೆ ಇಪ್ಪತ್ತಮೂರು ಮಂದಿ ಆಟಗಾರರಾಗುವುದಿಲ್ಲ ಎಂದು ಅವನಿಗೆ ಗೊತ್ತು, ಆ ಇಪ್ಪತ್ತಮೂರು ಮಂದಿಯ ಸಂಜೆಗಳ ಖರ್ಚೂ ಅವನದೇ. ಆರಿಸಿಕೊಳ್ಳುವವನು ಉಳಿದ ಇಬ್ಬರ ಬೆಲೆಯನ್ನಷ್ಟೇ ಕೊಡುತ್ತಾನೆ. ಅದನ್ನೂ, ಮೊಣಕಾಲು ನೆಟ್ಟಗಿರುವವರೆಗೆ.

ಇನ್ನು ಆರಿಸುವ ಕಣ್ಣಿನ ವಿಷಯ. ಟ್ರಯಲ್ಸ್‌ನ ಒಂದು ಗಂಟೆಯಲ್ಲಿ ಕಾಣುವುದು ಇವತ್ತು ಎಷ್ಟು ಬೆಳೆದಿದ್ದಾನೆ ಎಂಬುದು. ವಯೋಮಿತಿಯ ಕ್ರೀಡೆಗಳಲ್ಲಿ ಲೆಕ್ಕದ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಆಯ್ಕೆಯಾಗುತ್ತಾರೆ ಎಂದು ಕೆನಡಾದ ಐಸ್ ಹಾಕಿ ಆಟಗಾರರ ಮೇಲಿನ ಅಧ್ಯಯನಗಳು 1980ರ ದಶಕದಲ್ಲೇ ತೋರಿಸಿದ್ದವು. ಹನ್ನೆರಡರ ವಯಸ್ಸಿನಲ್ಲಿ ಹತ್ತು ತಿಂಗಳ ವ್ಯತ್ಯಾಸ ಎಂದರೆ ಎರಡಿಂಚು ಎತ್ತರ, ನಾಲ್ಕು ಕಿಲೋ ತೂಕ. ನೋಡುವವರು ಅದನ್ನು ಪ್ರತಿಭೆ ಎಂದು ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಈ ಅಧ್ಯಯನ ಮಾಡುವುದು ಕಷ್ಟ. ನನ್ನ ತಲೆಮಾರಿನ ಅರ್ಧ ಕರ್ನಾಟಕ, ಹೆಡ್‌ಮಾಸ್ತರರ ಕೃಪೆಯಿಂದ, ಜೂನ್ 1ರಂದು ಹುಟ್ಟಿದ್ದು. ನಾನೂ.

ಇಷ್ಟು ಹೇಳಿದ ಮೇಲೆ ಆರಿಸಿ ತರುವವರೆಲ್ಲ ಕಳ್ಳರು, ಬೆಳೆಸುವವರೆಲ್ಲ ಸಂತರು ಎಂದು ತೀರ್ಮಾನಿಸಿಬಿಡಬಹುದು. ಹಾಗೆ ಮಾಡಲು ಕರುಣ್ ನಾಯರ್ ಬಿಡುವುದಿಲ್ಲ.

2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದ ಕನ್ನಡಿಗ. ಕೆಲವೇ ಪಂದ್ಯಗಳ ನಂತರ ಭಾರತ ತಂಡದಿಂದ ಹೊರಗೆ. 2022ರ ಹೊತ್ತಿಗೆ ಕರ್ನಾಟಕ ತಂಡದಿಂದಲೂ ಹೊರಗೆ. ಆಗ ಅವರು ಸಾಮಾಜಿಕ ಜಾಲತಾಣದಲ್ಲಿ ಕ್ರಿಕೆಟ್ಟನ್ನೇ ಉದ್ದೇಶಿಸಿ ಇನ್ನೊಂದು ಅವಕಾಶ ಕೇಳಿದ್ದು ನಿಮಗೆ ನೆನಪಿರಬಹುದು. ಅವಕಾಶ ಕೊಟ್ಟದ್ದು ಬೆಳೆಸಿದ ರಾಜ್ಯವಲ್ಲ, 2023ರಲ್ಲಿ ವಿದರ್ಭ. 2024–25ರ ರಣಜಿಯಲ್ಲಿ ಅವರು 863 ರನ್ ಮಾಡಿದರು. ಕೇರಳದ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135. ವಿದರ್ಭ ಟ್ರೋಫಿ ಎತ್ತಿತು. 2025ರಲ್ಲಿ ಅವರು ಮತ್ತೆ ಭಾರತದ ಟೆಸ್ಟ್ ತಂಡಕ್ಕೆ ಬಂದರು. ಆಮೇಲೆ ಕರ್ನಾಟಕಕ್ಕೂ ಮರಳಿದರು.

ಬೆಳೆಸಿದವರಿಗೆ ಹಕ್ಕಿದೆ ಎಂದು ವಾದಿಸುವವರು ಇಲ್ಲಿ ಏನು ಹೇಳುತ್ತಾರೆ? ಬೆಳೆಸಿದ ಮನೆ ಬಾಗಿಲು ಹಾಕಿಕೊಂಡಾಗ ಹೊರಗಿನಿಂದ ಒಬ್ಬ ಬಂದು ಕರೆದುಕೊಂಡು ಹೋಗುವ ವ್ಯವಸ್ಥೆ ಇರಲೇಬೇಕು. ಇಲ್ಲದಿದ್ದರೆ ಬೆಳೆಸಿದವರ ಅನಾದರವೇ ಕೊನೆಯ ತೀರ್ಪಾಗುತ್ತದೆ. ಅಮೆರಿಕದ ಟ್ರಾನ್ಸ್‌ಫರ್ ಪೋರ್ಟಲ್ಲಿನ ಬಗ್ಗೆ ನನ್ನ ಮಿಷಿಗನ್ ಮಿತ್ರರಿಗೆ ನಾನು ಹೇಳುವುದೂ ಇದನ್ನೇ. ಮೂರು ವರ್ಷ ಬೆಂಚಿನ ಮೇಲೆ ಕೂತ ಹುಡುಗನಿಗೆ ಎದ್ದುಹೋಗುವ ಹಕ್ಕು ಇಲ್ಲದಿದ್ದ ಕಾಲವನ್ನು ಸುವರ್ಣಯುಗ ಎಂದು ನೆನೆಯುವವರು ಹೆಚ್ಚಾಗಿ ಕೋಚ್‌ಗಳು, ಮತ್ತು ಗ್ಯಾಲರಿಯಲ್ಲಿ ಕೂತವರು.

ವಿದರ್ಭದ ಕತೆಯಲ್ಲಿ ಇನ್ನೊಂದು ಪದರವಿದೆ. ಅದೇ ಸೀಸನ್‌ನಲ್ಲಿ ಅವರ ಎಡಗೈ ಸ್ಪಿನ್ನರ್ ಹರ್ಷ್ ದುಬೆ 69 ವಿಕೆಟ್ ತೆಗೆದು ರಣಜಿಯ ಒಂದು ಸೀಸನ್ನಿನ ದಾಖಲೆ ಮಾಡಿದರು. ತಂಡದಲ್ಲಿ ಅತಿ ಹೆಚ್ಚು ರನ್ ಹೊಡೆದವರು ಯಶ್ ರಾಥೋಡ್. ಫೈನಲ್‌ನ ಮೊದಲ ಇನ್ನಿಂಗ್ಸ್‌ನಲ್ಲಿ 153 ಹೊಡೆದದ್ದು ಡ್ಯಾನಿಶ್ ಮಾಲೇವಾರ್. ಮೂವರೂ ಅಲ್ಲಿಯೇ ಬೆಳೆದವರು. ವಿದರ್ಭ ಮೊದಲ ಬಾರಿ ರಣಜಿ ಗೆದ್ದಾಗಲೂ (2017–18, ಸೆಮಿಫೈನಲ್‌ನಲ್ಲಿ ಕರ್ನಾಟಕವನ್ನು 5 ರನ್‌ಗಳಿಂದ, ಫೈನಲ್‌ನಲ್ಲಿ ದೆಹಲಿಯನ್ನು ಸೋಲಿಸಿ, ದೆಹಲಿಯ ಕನ್ನಡಿಗನಿಗೆ ಒಂದೇ ಸೀಸನ್‌ನಲ್ಲಿ ಎರಡು ಏಟು) ಮುಂಬೈನಿಂದ ತಂದ ವಸೀಂ ಜಾಫರ್ ಮತ್ತು ಕೋಚ್ ಚಂದ್ರಕಾಂತ್ ಪಂಡಿತ್ ಪಕ್ಕದಲ್ಲಿ ರಜನೀಶ್ ಗುರ್ಬಾನಿಯಂಥ ಸ್ಥಳೀಯ ಹುಡುಗರಿದ್ದರು. ಹೊರಗಿನಿಂದ ಬಂದ ಹಿರಿಯ ಆಟಗಾರ ಡ್ರೆಸ್ಸಿಂಗ್ ರೂಮಿನಲ್ಲಿ ಕೂತಿದ್ದರೆ ಅದೇ ಒಂದು ಪಾಠಶಾಲೆ. ತರುವುದು ಬೆಳೆಸುವುದಕ್ಕೆ ಅನುವಾಗಬಹುದು ಎನ್ನುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಇದು.

ಇದಕ್ಕೆ ತದ್ವಿರುದ್ಧವಾದದ್ದನ್ನು ದೆಹಲಿಯೇ ನೋಡಿದೆ. 2014ರಲ್ಲಿ ಐಎಸ್‌ಎಲ್ ಶುರುವಾದಾಗ ದೆಹಲಿ ಡೈನಮೋಸ್ ತಂಡಕ್ಕೆ ವಿಶ್ವಕಪ್ ಗೆದ್ದ ಇಟಲಿಯ ದೆಲ್ ಪಿಯೆರೋ ಬಂದರು, ಮರುವರ್ಷ ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್. ನೆಹರೂ ಸ್ಟೇಡಿಯಂಗೆ ಮೆಟ್ರೋ ಹಿಡಿದು ನಾವೂ ಹೋದೆವು, ಸೆಲ್ಫಿ ತೆಗೆದುಕೊಂಡೆವು. 2019ರಲ್ಲಿ ತಂಡ ಗಂಟುಮೂಟೆ ಕಟ್ಟಿಕೊಂಡು ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಊರಿನಲ್ಲಿ ಯಾರೂ ಅತ್ತ ಹಾಗೆ ಕಾಣಲಿಲ್ಲ. ಬೇರಿಲ್ಲದ್ದನ್ನು ಕೀಳಲು ಶ್ರಮವೇನು! 2025ರಲ್ಲಿ ಹೈದರಾಬಾದಿನ ತಂಡ ಇತ್ತ ಬಂದು ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂದು ಹೆಸರಿಟ್ಟುಕೊಂಡಿದೆ. ಇದೇ ಊರಿನ ಸಿಟಿ ಕ್ಲಬ್ಬಿನಲ್ಲಿ ಆಡುತ್ತಿದ್ದ ಹುಡುಗನೊಬ್ಬನನ್ನು 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಕರೆದುಕೊಂಡು ಹೋಯಿತು. ಅವನು ಸುನಿಲ್ ಛೇತ್ರಿ. ಮುಂದೆ 2013ರಲ್ಲಿ ಅವರನ್ನು ಕರೆದುಕೊಂಡ ಬೆಂಗಳೂರು ಎಫ್‌ಸಿ ತನ್ನ ಮೊದಲ ಸೀಸನ್‌ನಲ್ಲೇ ಐ–ಲೀಗ್ ಗೆದ್ದಿತು. ನಾವು ಬೆಂಗಳೂರಿನ ಹೆಮ್ಮೆ ಎಂದು ಕುಣಿದದ್ದರಲ್ಲಿ ದೆಹಲಿಯ ಧೂಳಿನ ಮೈದಾನದ ಪಾಲೂ ಇತ್ತು.

ಈ ಪಾಲನ್ನು ಲೆಕ್ಕ ಹಾಕಲು ಸಾಧ್ಯವೇ? ಫಿಫಾ 2001ರಲ್ಲಿ ಒಂದು ಪ್ರಯತ್ನ ಮಾಡಿತು. ಒಬ್ಬ ವೃತ್ತಿಪರ ಆಟಗಾರ ಒಪ್ಪಂದದ ನಡುವೆ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹಣಕ್ಕೆ ಹೋದರೆ, ಆ ಹಣದ ಶೇ. 5 ಭಾಗ ಅವನು 12ರಿಂದ 23ರ ವಯಸ್ಸಿನವರೆಗೆ ಆಡಿದ ಕ್ಲಬ್ಬುಗಳಿಗೆ ಹಂಚಿಹೋಗಬೇಕು. 12ರಿಂದ 15ರವರೆಗೆ ವರ್ಷಕ್ಕೆ ಶೇ. 0.25, ಆಮೇಲೆ ವರ್ಷಕ್ಕೆ ಶೇ. 0.5. ಒಂದು ಕೋಟಿಯ ವರ್ಗಾವಣೆಯಾದರೆ, ಮೊದಲ ನಾಲ್ಕು ವರ್ಷ ಕಲಿಸಿದ ಮೊಹಲ್ಲಾದ ಕ್ಲಬ್ಬಿಗೆ ಒಂದು ಲಕ್ಷ. ಪ್ರತಿ ಬಾರಿ ವರ್ಗವಾದಾಗಲೂ. ಈ ನಿಯಮ ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಋಣ ಎಂದು ನಾವು ಕಣ್ಣು ಒದ್ದೆ ಮಾಡಿಕೊಂಡು ಹೇಳುವುದನ್ನು ಯಾರೋ ಗುಮಾಸ್ತರು ಕೂತು ಶೇಕಡಾವಾರು ಬರೆದಿಟ್ಟಿದ್ದಾರೆ! ಇದರಲ್ಲಿ ಪಿ.ಟಿ. ಮೇಷ್ಟ್ರಿಗೆ ಜಾಗವಿಲ್ಲ, ಶಾಲೆ ಕ್ಲಬ್ಬಲ್ಲ. ಆದರೂ ಇದರ ಹಿಂದಿನ ವಿವೇಕ ಗಮನಿಸಿ. ಬೆಳೆಸಿದವನಿಗೆ ಪಾಲು ಇದೆ, ತಡೆಯುವ ಅಧಿಕಾರವಿಲ್ಲ.

ನಮ್ಮ ಐಟಿಯವರು ಇದನ್ನು ತಲೆಕೆಳಗು ಮಾಡಿ ಕಲಿತಿದ್ದೇವೆ. ತರಬೇತಿ ಕೊಟ್ಟ ಮೇಲೆ ಎರಡು ವರ್ಷದ ಬಾಂಡ್. ಮಧ್ಯೆ ಬಿಟ್ಟರೆ ದಂಡ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು ಅದು, ಮೂರು ವರ್ಷ ಮುಗಿಸದೆ ಹೋದರೆ 2 ಲಕ್ಷ ಕಟ್ಟಬೇಕೆಂಬ ಷರತ್ತು ಸಿಂಧು ಎಂದಿತು. ಹಣ ಕಟ್ಟಿ ಹೋಗು ಎನ್ನುವುದು ಕಠಿಣವಾದರೂ ಅರ್ಥವಾಗುತ್ತದೆ, ಫಿಫಾದ ದಾಯಾದಿ ಅದು. ನಾನು ಹೊಸಬನಾಗಿದ್ದಾಗ ಒಂದು ಕಂಪನಿಯಲ್ಲಿ ಕಂಡದ್ದು ಬೇರೆ. ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಬಿಟ್ಟು ಹೋದ ಸಹೋದ್ಯೋಗಿಯೊಬ್ಬ ಎಂಟು ತಿಂಗಳು ಅಲೆದು ತನ್ನ ಎಸ್ಸೆಸ್ಸೆಲ್ಸಿ ಕಾರ್ಡು ಪಡೆದ. ಇದಕ್ಕೆ ಹೆಬ್ಬೆರಳು ಕೇಳುವುದು ಎನ್ನುತ್ತಾರೆ.

ದ್ರೋಣನ ಹೆಸರಿನ ಊರಿನ ಪಕ್ಕದಲ್ಲಿ ಬದುಕುವ ನಮಗೆ ಆ ಕತೆ ತಪ್ಪಿಸಿಕೊಳ್ಳುವಂತಿಲ್ಲ. 2016ರಲ್ಲಿ ಗುಡಗಾಂವ್ ಗುರುಗ್ರಾಮವಾಯಿತು, ಹಳದಿ ಲೈನಿನಲ್ಲಿ ಗುರು ದ್ರೋಣಾಚಾರ್ಯ ಎಂಬ ಸ್ಟೇಷನ್ನೇ ಇದೆ. ಕೋಚ್‌ಗಳಿಗೆ ಕೊಡುವ ರಾಷ್ಟ್ರಪ್ರಶಸ್ತಿ 1985ರಿಂದ ದ್ರೋಣನ ಹೆಸರಿನಲ್ಲಿದೆ. ಏಕಲವ್ಯನ ವಿಷಯದಲ್ಲಿ ಆತ ಕಲಿಸಿಯೂ ಇರಲಿಲ್ಲ, ಆದರೂ ದಕ್ಷಿಣೆ ಪಡೆದ, ಅದೂ ಕಲಿತದ್ದೇ ನಾಶವಾಗುವಂಥ ದಕ್ಷಿಣೆ. ನಮ್ಮ ರಾಜ್ಯ ಸರ್ಕಾರ ಆಟಗಾರರಿಗೆ ಕೊಡುವ ಪ್ರಶಸ್ತಿಯ ಹೆಸರು ಏಕಲವ್ಯ. ಈ ಒಂದು ವಿಷಯದಲ್ಲಿ ಬೆಂಗಳೂರು ದೆಹಲಿಗಿಂತ ಸರಿಯಾಗಿ ಯೋಚಿಸಿತು ಎಂದು ನನ್ನ ಅಭಿಪ್ರಾಯ.

ಅದೇ ಭಾರತದಲ್ಲಿ ಲ್ಯಾಟರಲ್ ನೇಮಕದ ಕತೆಯೂ ಇದೆ. ಶಸ್ತ್ರಪ್ರದರ್ಶನದ ಅಂಗಳದಲ್ಲಿ ಕುಲ ಕೇಳಿ ಕರ್ಣನನ್ನು ತಡೆದಾಗ ದುರ್ಯೋಧನ ಅಲ್ಲೇ ನಿಂತ ನಿಲುವಿನಲ್ಲಿ ಅಂಗರಾಜ್ಯ ಕೊಟ್ಟ. ಉದ್ದೇಶ ಸ್ವಾರ್ಥದ್ದೇ, ಅರ್ಜುನನಿಗೆ ಎದುರಾಗಿ ಒಬ್ಬ ಬೇಕಿತ್ತು. ಆದರೂ ಬಾಗಿಲು ತೆರೆದದ್ದು ಅವನೊಬ್ಬನೇ. ಯುದ್ಧಕ್ಕೆ ಮುಂಚೆ ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳಿ ಇನ್ನೂ ದೊಡ್ಡ ಪದವಿ ತೋರಿಸಿದಾಗ ಕರ್ಣನ ಮುಂದೆ ಮೂರು ಹಕ್ಕುದಾರರಿದ್ದರು. ಹೆತ್ತವಳು ಕುಂತಿ, ಬೆಳೆಸಿದವಳು ರಾಧೆ, ಕೆಲಸ ಕೊಟ್ಟವನು ದುರ್ಯೋಧನ. ಅವನು ಆರಿಸಿದ್ದು ಕೊನೆಯ ಇಬ್ಬರನ್ನು. ಪಂಪನಿಂದ ಈಚೆಗೆ ಕನ್ನಡಿಗರು ಆ ಆಯ್ಕೆಯ ಪಕ್ಷ ವಹಿಸುತ್ತಲೇ ಬಂದಿದ್ದೇವೆ. ಹುಟ್ಟಿದ ಪ್ರತಿಭೆಗಿಂತ, ಅದರ ಮೇಲೆ ಯಾರು ಏನು ಪಣಕ್ಕಿಟ್ಟರು ಎಂಬುದು ನಮಗೆ ಮುಖ್ಯವಾಗಿ ಕಂಡಿದೆ.

ಪ್ರತಿಭೆ ಎನ್ನುವ ಪದದ ಬಗ್ಗೆಯೇ ನನಗೆ ಅನುಮಾನ. ‘ಟ್ಯಾಲೆಂಟ್ ಹಂಟ್’ ಎನ್ನುತ್ತೇವೆ, ಎಲ್ಲೋ ಕಾಡಿನಲ್ಲಿ ಪೂರ್ತಿ ಬೆಳೆದು ಅಡ್ಡಾಡುತ್ತಿರುವ ಪ್ರಾಣಿಯ ಹಾಗೆ. ಹುಟ್ಟಿನಿಂದ ಬಂದ ಸಾಮರ್ಥ್ಯಗಳು ಯಾರೂ ಗಳಿಸಿದ್ದಲ್ಲ, ಅದರ ಫಲದಲ್ಲಿ ಎಲ್ಲರಿಗೂ ಒಂದು ಪಾಲಿರಬೇಕು ಎಂದು ಜಾನ್ ರಾಲ್ಸ್ 1971ರ ತನ್ನ ಪುಸ್ತಕದಲ್ಲಿ ವಾದಿಸಿದ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೇನೆ, ಹುಟ್ಟಿನಿಂದ ಬಂದದ್ದು ಎಷ್ಟು? ಗೇಟಿನವರ ಮಗನ ಎಡಗಾಲಿನಲ್ಲಿ ಇದ್ದದ್ದು ಹುಟ್ಟಿನದೋ, ಆ ನಿವೃತ್ತ ಸೈನಿಕರ ಆರು ವರ್ಷದ ಸಂಜೆಗಳದೋ? ‘ಇದ್ದದ್ದನ್ನು ಹುಡುಕಿದೆವು’ ಎಂದುಕೊಂಡರೆ ಯಾರಿಗೂ ಏನೂ ಕೊಡಬೇಕಿಲ್ಲ. ‘ಯಾರೋ ಮಾಡಿದ್ದನ್ನು ತಂದೆವು’ ಎಂದುಕೊಂಡರೆ ಕೊಡಬೇಕಾಗುತ್ತದೆ. ಮೊದಲನೆಯ ಮಾತು ಅಷ್ಟು ಜನಪ್ರಿಯವಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಈ ಪತ್ರಿಕೆ ಓದುವ ನಾವೆಲ್ಲ ತರಲ್ಪಟ್ಟವರೇ. ಸರ್ಕಾರಿ ಶಾಲೆ, ತಿಂಗಳಿಗೆ ಹತ್ತು ರೂಪಾಯಿಯ ಹಾಸ್ಟೆಲ್, ಜಾತಿಯ ವಿದ್ಯಾರ್ಥಿನಿಲಯ, ಮಠದ ಊಟ, ಸರ್ಕಾರದ ದುಡ್ಡಿನ ಎಂಟೆಕ್. ಇಪ್ಪತ್ತಮೂರು ವರ್ಷ ಕರ್ನಾಟಕ ಖರ್ಚು ಮಾಡಿತು, ಇಪ್ಪತ್ತನಾಲ್ಕನೆಯ ವರ್ಷ ನೋಯ್ಡಾ ಆಫರ್ ಲೆಟರ್ ಕೊಟ್ಟಿತು. ನಮ್ಮ ಮೇಲೆ ಯಾರೂ ಶೇ. 0.25 ಹಾಕಿಲ್ಲ. ಕೆಲವರು ಊರಿನ ಶಾಲೆಗೆ ಕಂಪ್ಯೂಟರು ಕೊಡಿಸುತ್ತಾರೆ, ಕೆಲವರು ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಗೆ ಕೈಲಾದದ್ದು ಮಾಡುತ್ತಾರೆ, ಹೆಚ್ಚಿನವರು ನವೆಂಬರ್‌ನಲ್ಲಿ ಬಾವುಟದ ಡಿಪಿ ಹಾಕುತ್ತೇವೆ. ಇದನ್ನು ದೂಷಣೆಯಾಗಿ ಹೇಳುತ್ತಿಲ್ಲ. ದಾನ ಎಂದು ಕರೆದಾಗ ಇಷ್ಟ ಬಂದಾಗ ಕೊಡಬಹುದು, ಬಾಕಿ ಎಂದು ಕರೆದರೆ ದಿನಾಂಕ ಬರುತ್ತದೆ. ನಾವು ಯಾವ ಪದ ಬಳಸುತ್ತೇವೆ ಎಂದು ಗಮನಿಸಿದ್ದೇನೆ, ಅಷ್ಟೆ.

ಹಾಗಾದರೆ ತರುವುದೇ ಯಾಕೆ ಗೆಲ್ಲುತ್ತದೆ? ಮ್ಯಾನೇಜರ್‌ಗಳು ಕೆಟ್ಟವರು ಎಂದಲ್ಲ. ಒಬ್ಬರು ಒಂದು ಕುರ್ಚಿಯಲ್ಲಿ ಎರಡು ವರ್ಷ ಇರುತ್ತಾರೆ, ಒಬ್ಬ ಇಂಜಿನಿಯರ್ ಹದವಾಗಲು ನಾಲ್ಕು ವರ್ಷ ಬೇಕು. ನಾನು ನೀರೆರೆದರೆ ನೆರಳು ಮುಂದಿನವನಿಗೆ. ಕೋಚ್‌ಗಳದೂ ಇದೇ ಪಾಡು, ಮೂರು ಪಂದ್ಯ ಸೋತರೆ ಕೆಲಸ ಹೋಗುವವನು ಹದಿನಾರರ ಹುಡುಗನನ್ನು ಇಳಿಸುವುದಿಲ್ಲ. ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ಬು ಬಾಸ್ಕ್ ನಾಡಿನಲ್ಲಿ ಹುಟ್ಟಿದ ಅಥವಾ ಅಲ್ಲಿ ತಯಾರಾದ ಆಟಗಾರರನ್ನೇ ಆಡಿಸುತ್ತದೆ, ಆದರೂ ಮೊದಲ ದರ್ಜೆಯ ಲೀಗಿನಿಂದ ಒಮ್ಮೆಯೂ ಕೆಳಗಿಳಿದಿಲ್ಲ. ಅದು ಅಲ್ಲಿ ನಡೆಯುತ್ತಿರುವುದು ಕ್ಲಬ್ಬು ಸದಸ್ಯರ ಒಡೆತನದ್ದಾದ್ದರಿಂದ, ಮತ್ತು ಆ ಸದಸ್ಯರು ಕಪ್ಪಿಲ್ಲದ ವರ್ಷಗಳನ್ನು ತಾಳಿಕೊಳ್ಳಲು ಒಪ್ಪಿರುವುದರಿಂದ. ಬೆಳೆಸುವುದಕ್ಕೆ ಕಾಯುವ ಜನ ಬೇಕು. ಕ್ವಾರ್ಟರ್ ಫಲಿತಾಂಶ ಮೂರು ತಿಂಗಳಿಗೊಮ್ಮೆ ಬರುತ್ತದೆ.

ಇದನ್ನೆಲ್ಲ ಈಗ ಬರೆಯುತ್ತಿರುವುದಕ್ಕೆ ಕಾರಣ ಉಂಟು. ನನ್ನ ತಂಡದಲ್ಲಿ ಟೆಕ್ ಲೀಡ್ ಜಾಗ ಖಾಲಿಯಾಗಿದೆ. ಹೊರಗಿನ ಇಬ್ಬರು ಅಭ್ಯರ್ಥಿಗಳು ಸಿದ್ಧವಿದ್ದಾರೆ, ಹತ್ತು ವರ್ಷದ ಅನುಭವ, ಈಗಿನದಕ್ಕಿಂತ ಶೇ. 40 ಹೆಚ್ಚು ಸಂಬಳ ಕೇಳುತ್ತಾರೆ, ಮೊದಲ ದಿನದಿಂದಲೇ ಕೆಲಸ ಹಿಡಿಯಬಲ್ಲರು. ಒಳಗಿರುವವಳು ಕಲಬುರಗಿ ಕಡೆಯ ಹುಡುಗಿ, ನಾಲ್ಕೂವರೆ ವರ್ಷ ಅನುಭವ, ಕೋಡ್ ಅಚ್ಚುಕಟ್ಟು. ಕ್ಲೈಂಟ್ ಮುಂದೆ ಮಾತಾಡುವಾಗ ಗಂಟಲು ಒಣಗುತ್ತದೆ. ಅವಳನ್ನು ಆರಿಸಿದರೆ ತಂಡದ ಉಳಿದ ಹದಿನೆಂಟು ಜನಕ್ಕೆ ಆರು ತಿಂಗಳು ಹೆಚ್ಚಿನ ಹೊರೆ. ಅವರಿಗೆ ನಾನು ಯಾವ ಹಕ್ಕಿನಿಂದ ಅದನ್ನು ಹೊರಿಸಲಿ ಎನ್ನುವುದೂ ನೈತಿಕ ಪ್ರಶ್ನೆಯೇ, ಬೆಳೆಸುವುದರ ಖರ್ಚು ಯಾವಾಗಲೂ ಬೆಳೆಸಲು ಹೊರಟವನ ಜೇಬಿನಿಂದಲೇ ಹೋಗುವುದಿಲ್ಲ. ಅವರಲ್ಲಿ ಇಬ್ಬರನ್ನು ಕೂರಿಸಿಕೊಂಡು ನೇರವಾಗಿ ಕೇಳಿದೆ. ಒಬ್ಬ ಸರಿ ಎಂದ. ಇನ್ನೊಬ್ಬ, ‘ಸರ್, ನನ್ನನ್ನು ಯಾರೂ ಹೀಗೆ ಕಾಯಲಿಲ್ಲ’ ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು. ಅವನಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ, ಶನಿವಾರದ ಸಪೋರ್ಟ್ ಪಾಳಿಯಿಂದ ಬಿಡುವು ಕೊಟ್ಟೆ.

ಅವಳ ಹೆಸರನ್ನೇ ಕಳಿಸಿದ್ದೇನೆ, ಮಾರ್ಚ್ ಕೊನೆಯವರೆಗೆ ಸಮಯ ಕೇಳಿ. ಬಾಂಡ್ ಇಲ್ಲ, ನಾಳೆ ಬೆಂಗಳೂರಿನಿಂದ ಒಳ್ಳೆಯ ಆಫರ್ ಬಂದರೆ ಹೋಗಬಹುದು ಎಂದು ಅವಳಿಗೂ ಹೇಳಿದ್ದೇನೆ. ಹೊರಗಿನ ನೇಮಕಕ್ಕೆಂದು ಇಟ್ಟಿದ್ದ ಬಜೆಟ್ ಡಿಸೆಂಬರ್ 31ಕ್ಕೆ ವಾಪಸ್ ಹೋಗುತ್ತದೆ. ಮಾರ್ಚ್‌ನಲ್ಲಿ ಆಗಲಿಲ್ಲವೆಂದರೆ ತರುವುದಕ್ಕೂ ದುಡ್ಡಿರುವುದಿಲ್ಲ. ಫೈನಾನ್ಸ್‌ನವರು ಅದನ್ನು ಲಿಖಿತವಾಗಿ ಬರೆದುಕೊಡಿ ಎಂದರು, ಬರೆದುಕೊಟ್ಟೆ.